‘ರನ್’ ಎಂಬ ಒಂದು ಪದ, ತುರ್ಕಿ ಭಾಷೆಯ ಹತ್ತಾರು ಉತ್ತರಗಳು

(ಅನುವಾದವನ್ನು ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಕಠಿಣವಾದ ಪದ ಎದುರಾದಾಗ ಅನುವಾದಕರು ನಿಘಂಟನ್ನು ತೆರೆಯುತ್ತಾರೆ. ಪರಿಚಿತ ಪದ ಎದುರಾದಾಗ ತೆರೆಯುವುದಿಲ್ಲ. ಆದ್ದರಿಂದಲೇ ಅನುವಾದದ ತಪ್ಪುಗಳು ಪಾರಿಭಾಷಿಕ ಪದಗಳಿಗಿಂತ ದಿನಬಳಕೆಯ ಪುಟ್ಟ ಕ್ರಿಯಾಪದಗಳ ಸುತ್ತ ಹೆಚ್ಚಾಗಿ ಕಾಣಿಸುತ್ತವೆ. ಇಂಗ್ಲಿಷಿನ ‘ರನ್’ ಅಂಥದೊಂದು ಪದ. ಶಾಲೆಯ ಮೊದಲ ವರ್ಷದ ಮಗುವೂ ಅದಕ್ಕೆ ‘ಓಡು’ ಎಂದು ಅರ್ಥ ಹೇಳುತ್ತದೆ, ಹೇಳಿದ್ದು ಸರಿಯಾಗಿಯೂ ಇರುತ್ತದೆ. ಆದರೆ ಇಂಗ್ಲಿಷಿನಲ್ಲಿ ಮಗು ಓಡಿದಂತೆಯೇ ನದಿ ಓಡುತ್ತದೆ, ಮೂಗು ಓಡುತ್ತದೆ, ಯಂತ್ರ ಓಡುತ್ತದೆ, ರಸ್ತೆ ಓಡುತ್ತದೆ, ನಾಟಕ ಓಡುತ್ತದೆ, ಬಟ್ಟೆಯ ಬಣ್ಣ ಓಡುತ್ತದೆ, ಕಾಲುಚೀಲದ ಎಳೆ ಓಡುತ್ತದೆ. ಮನುಷ್ಯರು ಅಂಗಡಿಯನ್ನು ಓಡಿಸುತ್ತಾರೆ, ಚುನಾವಣೆಗೆ ಓಡುತ್ತಾರೆ, ಹಳೆಯ ಗೆಳೆಯರ ಒಳಕ್ಕೆ ಓಡುತ್ತಾರೆ, ಹಾಲಿನ ಹೊರಕ್ಕೆ ಓಡುತ್ತಾರೆ. ಇವೆಲ್ಲವನ್ನೂ ಇಂಗ್ಲಿಷ್ ಒಂದೇ ಉಸಿರಿನ ಒಂದು ಪದದಿಂದ ನಿಭಾಯಿಸುತ್ತದೆ.

1989ರಲ್ಲಿ ಇಪ್ಪತ್ತು ಸಂಪುಟಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದಾಗಿತ್ತು. ಮುಂದಿನ ಆವೃತ್ತಿಗಾಗಿ ಪರಿಷ್ಕರಣೆ ನಡೆದಾಗ ಆ ಹಿರಿಮೆ ‘ರನ್’ ಪದದ ಪಾಲಾಯಿತು. ನಿಘಂಟುಕಾರ ಪೀಟರ್ ಗಿಲಿವರ್ ಈ ಒಂದು ಪದದ ಮೇಲೆ ಒಂಬತ್ತು ತಿಂಗಳ ಕಾಲ ದುಡಿದು, ಕ್ರಿಯಾಪದವಾಗಿ ಅದಕ್ಕಿರುವ 645 ಅರ್ಥಗಳನ್ನು ಬೇರ್ಪಡಿಸಿದರು. ಹಬೆಯಂತ್ರ, ಗಿರಣಿ, ರೈಲು, ಪತ್ರಿಕೆ, ಕೊನೆಗೆ ಗಣಕ ಹೀಗೆ ಒಂದೊಂದು ಹೊಸ ವಸ್ತು ಬಳಕೆಗೆ ಬಂದಾಗಲೂ ಇಂಗ್ಲಿಷ್ ಹೊಸ ಕ್ರಿಯಾಪದವನ್ನು ಹುಡುಕಲಿಲ್ಲ. ಇದ್ದ ‘ರನ್’ ಪದಕ್ಕೇ ಇನ್ನೊಂದು ಕೆಲಸವನ್ನು ವಹಿಸಿತು.

ಈ ಅರ್ಥಸಮೃದ್ಧಿಗೆ ಭಾಷೆಯ ಇತಿಹಾಸದಲ್ಲಿ ಇನ್ನೂ ಆಳವಾದ ಒಂದು ಕಾರಣವಿದೆ. ಹಳೆಯ ಇಂಗ್ಲಿಷಿನಲ್ಲಿ ಇಲ್ಲಿ ಎರಡು ಕ್ರಿಯಾಪದಗಳಿದ್ದವು. ತಾನಾಗಿ ಓಡುವುದು, ಹರಿಯುವುದು ಎಂಬುದಕ್ಕೆ ‘ರಿನ್ನನ್’ ಎಂಬುದೊಂದು ರೂಪ. ಓಡುವಂತೆ ಮಾಡುವುದು, ಮುಖ್ಯವಾಗಿ ಕುದುರೆಯನ್ನು ಓಡಿಸುವುದು ಎಂಬುದಕ್ಕೆ ‘ಆರ್ನನ್’ ಎಂಬ ಬೇರೊಂದು ರೂಪ. ಶತಮಾನಗಳು ಕಳೆದಂತೆ ಎರಡೂ ಕರಗಿ ಒಂದೇ ‘ರನ್’ ಆಯಿತು. ಕನ್ನಡದಲ್ಲಿ ‘ಓಡು’ ಮತ್ತು ‘ಓಡಿಸು’ ಎಂಬ ಎರಡು ರೂಪಗಳ ನಡುವಿನ ಗೆರೆ ಅಳಿಸಿಹೋಗಿ, ‘ಕುದುರೆ ಓಡಿತು’ ಎನ್ನುವಲ್ಲಿಯೂ ‘ಕುದುರೆಯನ್ನು ಓಡಿಸಿದ’ ಎನ್ನುವಲ್ಲಿಯೂ ಒಂದೇ ರೂಪ ಉಳಿದಿದ್ದರೆ ಏನಾಗುತ್ತಿತ್ತೋ ಇಂಗ್ಲಿಷಿನಲ್ಲಿ ಆದದ್ದು ಅದೇ. ಯಂತ್ರವೂ ‘ರನ್’ ಆಗುತ್ತದೆ, ಯಂತ್ರವನ್ನು ನಡೆಸುವವನೂ ‘ರನ್’ ಮಾಡುತ್ತಾನೆ. ಯಾರು ಚಲಿಸುತ್ತಿದ್ದಾರೆ, ಯಾರು ಚಲಿಸುವಂತೆ ಮಾಡುತ್ತಿದ್ದಾರೆ ಎಂಬುದನ್ನು ಪದ ಹೇಳುವುದಿಲ್ಲ. ವಾಕ್ಯದಲ್ಲಿ ಪದಗಳ ಸ್ಥಾನ ಮಾತ್ರ ಹೇಳುತ್ತದೆ.

ಈ ಪದವನ್ನು ಪರೀಕ್ಷಿಸಲು ತುರ್ಕಿ ಭಾಷೆಯನ್ನು ನಾನು ಆರಿಸಿಕೊಂಡದ್ದಕ್ಕೆ ಇದೇ ಕಾರಣ. ತುರ್ಕಿ ಭಾಷೆ ಆ ಗೆರೆಯನ್ನು ಅಳಿಸಿಲ್ಲ. ಕನ್ನಡದಂತೆ ಅದರಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ, ವಿಭಕ್ತಿ ಪ್ರತ್ಯಯಗಳು ನಾಮಪದದ ಹಿಂದೆ ಅಂಟಿಕೊಳ್ಳುತ್ತವೆ, ಧಾತುವಿಗೆ ಒಂದು ಪ್ರತ್ಯಯ ಹತ್ತಿದರೆ ಪ್ರೇರಣಾರ್ಥಕ ರೂಪ ಸಿದ್ಧವಾಗುತ್ತದೆ. ಈ ಹೋಲಿಕೆಯಿಂದ ಎರಡು ಭಾಷೆಗಳು ಒಂದೇ ಕುಲದವು ಎಂದು ತೀರ್ಮಾನಿಸಬಾರದು. ತುರ್ಕಿ ಬೇರೆ ಕುಟುಂಬ, ಕನ್ನಡ ಬೇರೆ ಕುಟುಂಬ. ಆದರೂ ರಚನೆಯ ಸಾಮ್ಯದಿಂದಾಗಿ, ಇಂಗ್ಲಿಷಿನಿಂದ ತುರ್ಕಿಗೆ ಹೋಗುವ ದಾರಿಯಲ್ಲಿ ಇಂಗ್ಲಿಷ್ ಮಾತೃಭಾಷೆಯವರು ಎಡವುವ ಕೆಲವು ಕಡೆ ಕನ್ನಡಿಗರು ಸಲೀಸಾಗಿ ನಡೆಯಬಲ್ಲರು ಎಂಬುದು ನನ್ನ ಅನುಭವ.

ಉಚ್ಚಾರಣೆಯ ಬಗ್ಗೆ ಎರಡು ಮಾತು. 1928ರ ನವೆಂಬರ್ 1ರಂದು ಅಂಗೀಕಾರವಾದ ಕಾನೂನಿನಿಂದ ತುರ್ಕಿ ಭಾಷೆ ಅರಬ್ಬಿ ಲಿಪಿಯನ್ನು ಬಿಟ್ಟು 29 ಅಕ್ಷರಗಳ ಲ್ಯಾಟಿನ್ ವರ್ಣಮಾಲೆಗೆ ಬಂತು, ಹೆಚ್ಚುಕಡಿಮೆ ಬರೆದಂತೆ ಓದುವ ಭಾಷೆಯಾಯಿತು. ಅದರ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರಗಳಿಲ್ಲವಾದ್ದರಿಂದ ನಾನು ಇಲ್ಲಿ ಬರೆಯುವ ರೂಪಗಳು ಸಮೀಪದ ರೂಪಗಳಷ್ಟೇ. ಕ್ರಿಯಾಪದದ ನಿಘಂಟು ರೂಪ ‘ಮಕ್’ ಅಥವಾ ‘ಮೆಕ್’ ಎಂದು ಕೊನೆಗೊಳ್ಳುತ್ತದೆ. ಎರಡರಲ್ಲಿ ಯಾವುದು ಬರಬೇಕೆಂಬುದನ್ನು ಧಾತುವಿನ ಸ್ವರ ನಿರ್ಧರಿಸುತ್ತದೆ.

ಕಾಲಿನ ಓಟದಿಂದ ಆರಂಭಿಸೋಣ. ಅದಕ್ಕೆ ತುರ್ಕಿಯಲ್ಲಿ ‘ಕೊಶ್ಮಕ್’. ಮಗು ಓಡುತ್ತಿದೆ ಎಂಬುದಕ್ಕೆ ‘ಚೊಜುಕ್ ಕೊಶುಯೊರ್’. 1979ರಿಂದ ಇಸ್ತಾಂಬುಲಿನಲ್ಲಿ ಏಷ್ಯಾದ ದಡದಿಂದ ಹೊರಟು ಸೇತುವೆಯ ಮೇಲೆ ಯುರೋಪಿನ ದಡಕ್ಕೆ ಓಡುವ ಮ್ಯಾರಥಾನ್ ನಡೆದುಬಂದಿದೆ. ಅದರಲ್ಲಿ ಭಾಗವಹಿಸುವವನು ‘ಕೊಶುಜು’, ಅಂದರೆ ಓಟಗಾರ. ಇಷ್ಟರಮಟ್ಟಿಗೆ ನಿಘಂಟಿನ ಮೊದಲ ಅರ್ಥ ಸಾಕು. ಪ್ರೇರಣಾರ್ಥಕ ಪ್ರತ್ಯಯ ಹತ್ತಿದರೆ ‘ಕೊಶ್ತುರ್ಮಕ್’, ಓಡಿಸುವುದು. ಆದರೆ ಬಳಕೆಯಲ್ಲಿ ಈ ರೂಪ ಇನ್ನೊಂದು ಅರ್ಥವನ್ನೂ ಪಡೆದಿದೆ: ‘ದಿನವಿಡೀ ಓಡಾಡಿದೆ, ಒಂದು ಕ್ಷಣ ಕುಳಿತುಕೊಳ್ಳಲಿಲ್ಲ’ ಎನ್ನುವಾಗಿನ ಓಡಾಟಕ್ಕೆ ತುರ್ಕಿಯವರು ಇದೇ ಕ್ರಿಯಾಪದವನ್ನು ಬಳಸುತ್ತಾರೆ. ಸಣ್ಣಪುಟ್ಟ ಕೆಲಸಗಳಿಗಾಗಿ ಅಲ್ಲಿ ಇಲ್ಲಿ ಹೋಗಿಬರುವುದಕ್ಕೆ ಇಂಗ್ಲಿಷಿನಲ್ಲಿ ‘ರನ್’ ಬಳಕೆಯಾದರೆ ತುರ್ಕಿಯಲ್ಲಿ ಅಂಥ ಕೆಲಸಗಳಿಗೆ ‘ಗೆತಿರ್ ಗೊತುರ್’ ಕೆಲಸಗಳೆಂದು ಹೆಸರು. ಒಂದನ್ನು ತಾ, ಇನ್ನೊಂದನ್ನು ಒಯ್ಯಿ ಎಂಬ ಎರಡು ಆಜ್ಞೆಗಳೇ ಕೂಡಿ ಹೆಸರಾಗಿವೆ.

‘ಕೊಶ್ಮಕ್’ ರೂಪಕ್ಕೆ ಓಟದೊಂದಿಗೆ ಸಂಬಂಧವಿಲ್ಲದ ಇನ್ನೊಂದು ಬಾಳೂ ಇದೆ. ಎತ್ತನ್ನು ನೇಗಿಲಿಗೆ, ಕುದುರೆಯನ್ನು ಗಾಡಿಗೆ ಹೂಡುವುದಕ್ಕೆ ಇದೇ ಕ್ರಿಯಾಪದ. ಕನ್ನಡದಲ್ಲಿ ‘ಹೂಡು’ ಎಂಬುದು ಎತ್ತಿನಿಂದ ಹೊರಟು ಬಂಡವಾಳ ಹೂಡುವವರೆಗೆ, ದಾವೆ ಹೂಡುವವರೆಗೆ ಬೆಳೆದಂತೆ, ತುರ್ಕಿಯಲ್ಲಿ ಅದು ‘ಶರ್ತ್ ಕೊಶ್ಮಕ್’ ಆಗಿ ಬೆಳೆಯಿತು. ಹಾಗೆಂದರೆ ಷರತ್ತು ಹಾಕುವುದು. ‘ಶರ್ತ್’ ಮತ್ತು ನಮ್ಮ ‘ಷರತ್ತು’ ಎರಡೂ ಒಂದೇ ಅರಬ್ಬಿ ಪದ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕುದುರೆಯ ಸಜ್ಜಿಗೆ ‘ಕೊಶುಮ್’, ಷರತ್ತು ಎಂಬುದಕ್ಕೆ ಹೊಸ ತುರ್ಕಿ ಪದ ‘ಕೊಶುಲ್’, ಜನಪದ ಗಾಯಕರು ಹಾಡುವ ಒಂದು ಪದ್ಯಪ್ರಕಾರ ‘ಕೊಶ್ಮ’: ಇವೆಲ್ಲ ಜೋಡಿಸುವ ಅರ್ಥದಿಂದ ಹುಟ್ಟಿದವು. ‘ರನ್’ ಎಂದರೆ ‘ಕೊಶ್ಮಕ್’ ಎಂದು ಬಾಯಿಪಾಠ ಮಾಡಿದವರು ಮರಳಿ ಬರುವಾಗ ಇವುಗಳ ಎದುರು ದಿಕ್ಕೆಟ್ಟು ನಿಲ್ಲುತ್ತಾರೆ.

ನೀರಿನ ವಿಷಯಕ್ಕೆ ಬಂದರೆ ‘ಕೊಶ್ಮಕ್’ ಸುಳಿಯುವುದೇ ಇಲ್ಲ. ಅಲ್ಲಿ ‘ಅಕ್ಮಕ್’. ನದಿ ಹರಿಯುತ್ತದೆ ಎಂಬುದಕ್ಕೂ, ಕಣ್ಣೀರು ಹರಿಯಿತು ಎಂಬುದಕ್ಕೂ, ಕಾಲ ಹರಿದುಹೋಗುತ್ತದೆ ಎಂಬುದಕ್ಕೂ ಅದೇ ಪದ. ನೆಗಡಿಯಾದವನು ‘ಬುರ್ನುಮ್ ಅಕಿಯೊರ್’ ಎನ್ನುತ್ತಾನೆ, ಅಂದರೆ ನನ್ನ ಮೂಗು ಸೋರುತ್ತಿದೆ. ನಲ್ಲಿ ಸೋರಿದರೂ, ಮಳೆಗಾಲದಲ್ಲಿ ಮನೆಯ ಮಾಡು ಸೋರಿದರೂ ತುರ್ಕಿಯಲ್ಲಿ ‘ಅಕಿಯೊರ್’. ಇಲ್ಲಿ ಮೂರು ಭಾಷೆಗಳು ಮೂರು ಕಡೆ ಗೆರೆ ಎಳೆದಿರುವುದನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ನದಿಗೂ ಮೂಗಿಗೂ ‘ರನ್’ ಸಲ್ಲುತ್ತದೆ, ಮಾಡಿಗೆ ಸಲ್ಲುವುದಿಲ್ಲ. ತುರ್ಕಿಯಲ್ಲಿ ಮೂರಕ್ಕೂ ಒಂದೇ ಪದ. ಕನ್ನಡದಲ್ಲಿ ನದಿ ಹರಿಯುತ್ತದೆ, ಮೂಗೂ ಮಾಡೂ ಸೋರುತ್ತವೆ. ಹರಿಯಬೇಕಾದದ್ದು ಹರಿಯುವುದು ಬೇರೆ, ತಡೆದು ನಿಲ್ಲಬೇಕಾದ ಕಡೆಯಿಂದ ನೀರು ಹೊರಬರುವುದು ಬೇರೆ ಎಂಬ ವಿವೇಚನೆ ನಮ್ಮ ಭಾಷೆಯದು. ನದಿ ಕಡಲನ್ನು ಸೇರುವುದಕ್ಕೆ ತುರ್ಕಿಯಲ್ಲಿ ಮತ್ತೆ ಬೇರೆ ಪದವಿದೆ: ಆ ದೇಶದ ಗಡಿಯೊಳಗೇ ಹುಟ್ಟಿ ಅಲ್ಲಿಯೇ ಸಮುದ್ರ ಸೇರುವ ನದಿಗಳಲ್ಲಿ ಅತಿ ಉದ್ದವಾದ ಕಿಜಿಲಿರ್ಮಕ್ ಕಪ್ಪು ಸಮುದ್ರಕ್ಕೆ ಸುರಿಯುತ್ತದೆ ಎಂದೇ ಅವರು ಬರೆಯುತ್ತಾರೆ.

ಬಣ್ಣದ ಬಟ್ಟೆಯನ್ನು ಬಿಳಿ ಬಟ್ಟೆಯೊಂದಿಗೆ ನೆನೆಸಿದಾಗ ಆಗುವ ಅನಾಹುತಕ್ಕೆ ಇಂಗ್ಲಿಷಿನಲ್ಲಿ ಬಣ್ಣ ‘ರನ್’ ಆಗುತ್ತದೆ. ಕನ್ನಡದಲ್ಲಿ ಬಟ್ಟೆ ಬಣ್ಣ ಬಿಡುತ್ತದೆ. ತುರ್ಕಿಯಲ್ಲಿ ಬಟ್ಟೆ ಬಣ್ಣ ಕೊಡುತ್ತದೆ, ‘ರೆಂಕ್ ವೆರ್ಮೆಕ್’. ಅದೇ ನುಡಿಗಟ್ಟನ್ನು ಮನುಷ್ಯರ ವಿಷಯದಲ್ಲಿ ನಿಷೇಧರೂಪದಲ್ಲಿ ಬಳಸಿದರೆ, ಮನಸ್ಸಿನೊಳಗಿನದನ್ನು ಮುಖದ ಮೇಲೆ ತೋರಗೊಡದಿರುವುದು ಎಂಬ ಅರ್ಥ ಬರುತ್ತದೆ. ಇಂಥ ಕಡೆ ನಿಘಂಟಿನ ಒಂದು ಪದಕ್ಕೆ ಒಂದು ಪದ ಎಂಬ ಪದ್ಧತಿ ಕೈಕೊಡುತ್ತದೆ.

ಇನ್ನು ಯಂತ್ರ ಮತ್ತು ವ್ಯವಹಾರದ ‘ರನ್’. ಈ ಉಪನ್ಯಾಸದ ಹೆಚ್ಚಿನ ಭಾಗವನ್ನು ನಾನು ಇದಕ್ಕೇ ಮೀಸಲಿಡಬಹುದಿತ್ತು. ಏಕೆಂದರೆ ತುರ್ಕಿ ಭಾಷೆಯ ಬುದ್ಧಿವಂತಿಕೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಎಂಜಿನ್ ಚಾಲೂ ಇದೆ ಎಂಬುದಕ್ಕೆ ‘ಮೊತೊರ್ ಚಲಿಶಿಯೊರ್’. ‘ಚಲಿಶ್ಮಕ್’ ಎಂದರೆ ಮೂಲತಃ ದುಡಿಯುವುದು. ಕಾರ್ಖಾನೆಯಲ್ಲಿ ದುಡಿಯುವವನಿಗೂ, ಪರೀಕ್ಷೆಗೆ ಓದುವ ವಿದ್ಯಾರ್ಥಿಗೂ, ಕೆಟ್ಟುಹೋಗದೆ ನಡೆಯುತ್ತಿರುವ ಗಡಿಯಾರಕ್ಕೂ ಇದೇ ಪದ. ಇನ್ನೊಂದು ಕ್ರಿಯೆಯ ಜೊತೆಗೆ ಬಂದರೆ ಪ್ರಯತ್ನಪಡುವುದು ಎಂಬ ಅರ್ಥವೂ ಕೂಡಿಕೊಳ್ಳುತ್ತದೆ: ‘ತುರ್ಕಿ ಕಲಿಯಲು ಪ್ರಯತ್ನಿಸುತ್ತಿದ್ದೇನೆ’ ಎಂಬುದನ್ನು ‘ತುರ್ಕಿ ಕಲಿಯುವುದಕ್ಕೆ ದುಡಿಯುತ್ತಿದ್ದೇನೆ’ ಎಂಬ ರಚನೆಯಲ್ಲಿಯೇ ಹೇಳುತ್ತಾರೆ. ಇಂಗ್ಲಿಷ್ ಯಂತ್ರವನ್ನು ಓಟಗಾರನಾಗಿ ಕಂಡರೆ ತುರ್ಕಿ ಅದನ್ನು ಕೆಲಸಗಾರನಾಗಿ ಕಂಡಿತು. ಗಣಕವನ್ನು ತುರ್ಕಿಯಲ್ಲಿ ‘ಬಿಲ್ಗಿಸಯರ್’ ಎನ್ನುತ್ತಾರೆ; ಮಾಹಿತಿಯನ್ನು ಎಣಿಸುವಂಥದ್ದು ಎಂಬ ಅರ್ಥದ ಈ ಪದವನ್ನು ರಚಿಸಿದವರು ಐದಿನ್ ಕೊಕ್ಸಲ್. ಆ ಗಣಕದಲ್ಲಿ ಪ್ರೋಗ್ರಾಂ ‘ರನ್’ ಆಗುವುದೂ ‘ಚಲಿಶ್ಮಕ್’; ಅದನ್ನು ‘ರನ್’ ಮಾಡುವುದು ಪ್ರತ್ಯಯ ಸೇರಿದ ‘ಚಲಿಶ್ತಿರ್ಮಕ್’. ಆಳುಗಳಿಂದ ಕೆಲಸ ಮಾಡಿಸುವುದಕ್ಕೂ ಇದೇ ಪ್ರೇರಣಾರ್ಥಕ ರೂಪ ಎಂಬುದನ್ನು ನೆನಪಿಡಬೇಕು. ಇಂಗ್ಲಿಷಿನಲ್ಲಿ ಮಾಸಿಹೋದ ‘ರಿನ್ನನ್’ ಮತ್ತು ‘ಆರ್ನನ್’ ನಡುವಿನ ವ್ಯತ್ಯಾಸ ಇಲ್ಲಿ ಎರಡಕ್ಷರದ ಪ್ರತ್ಯಯದಲ್ಲಿ ಜೀವಂತವಾಗಿದೆ.

ಅಂಗಡಿ, ಹೋಟೆಲು, ಗಣಿಗಳನ್ನು ನಡೆಸುವುದಕ್ಕೆ ಮಾತ್ರ ಬೇರೊಂದು ಕುಟುಂಬದ ಪದಗಳಿವೆ. ‘ಇಶ್’ ಎಂದರೆ ಕೆಲಸ. ಅದರಿಂದ ‘ಇಶ್ಲೆಮೆಕ್’: ಕೆಲಸ ನಡೆಯುವುದು, ಕೆಲಸಕ್ಕೆ ಒಳಪಡಿಸುವುದು. ಈ ಮಾರ್ಗದಲ್ಲಿ ದೋಣಿ ‘ಇಶ್ಲಿಯೊರ್’ ಎಂದರೆ ದೋಣಿಯ ಸಂಚಾರವಿದೆ ಎಂದರ್ಥ. ಬಟ್ಟೆಯ ಮೇಲೆ ಕಸೂತಿ ಹಾಕುವುದೂ ‘ಇಶ್ಲೆಮೆಕ್’, ದತ್ತಾಂಶವನ್ನು ಸಂಸ್ಕರಿಸುವುದೂ ‘ಇಶ್ಲೆಮೆಕ್’, ಅಪರಾಧ ಎಸಗುವುದೂ ‘ಇಶ್ಲೆಮೆಕ್’. ಇದಕ್ಕೆ ಪ್ರೇರಣಾರ್ಥಕ ‘ತ್’ ಸೇರಿದರೆ ‘ಇಶ್ಲೆತ್ಮೆಕ್’, ಅಂದರೆ ಉದ್ಯಮವನ್ನು ನಡೆಸುವುದು. ‘ಇಶ್ಲೆತ್ಮೆ’ ಎಂದರೆ ಉದ್ಯಮ ಘಟಕ. ವ್ಯವಹಾರ ನಿರ್ವಹಣೆಯನ್ನು ಕಲಿಸುವ ವಿಶ್ವವಿದ್ಯಾನಿಲಯದ ವಿಭಾಗಕ್ಕೂ ಅದೇ ಹೆಸರು. ಗಣಕದ ಪ್ರಾಸೆಸರ್ ‘ಇಶ್ಲೆಮ್ಜಿ’, ಆಪರೇಟಿಂಗ್ ಸಿಸ್ಟಂ ‘ಇಶ್ಲೆತಿಮ್ ಸಿಸ್ತೆಮಿ’. ಒಂದು ಪುಟ್ಟ ಬೇರಿನಿಂದ ಕಸೂತಿಯಿಂದ ಗಣಕದವರೆಗಿನ ಪದಗಳು ಚಿಗುರಿರುವುದನ್ನು ಕಂಡಾಗ ನನಗೆ ನಿಜವಾದ ಸಂತೋಷವಾಗುತ್ತದೆ. ಕನ್ನಡದಲ್ಲಿ ‘ನಡೆ’ ಎಂಬ ಧಾತು ಇಂಥದೇ ಶಕ್ತಿಯುಳ್ಳದ್ದು. ಸಭೆ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಸಂಸಾರವನ್ನು ನಡೆಸುತ್ತಾರೆ, ನಡಾವಳಿ, ನಡತೆ, ನಡವಳಿಕೆ ಎಲ್ಲವೂ ಅದರಿಂದಲೇ ಬಂದವು. ನಾವು ಅದನ್ನು ಬಿಟ್ಟು ಎಲ್ಲೆಡೆ ‘ನಿರ್ವಹಣೆ ಮಾಡುವುದು’ ಎಂದು ಬರೆಯತೊಡಗಿದ್ದೇವೆ, ಇದು ನನಗೆ ನಷ್ಟವೆಂದೇ ತೋರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹೋಟೆಲನ್ನು ‘ಇಶ್ಲೆತ್ಮೆಕ್’ ಎಂದರೆ ನಡೆಸುವುದು. ಒಬ್ಬ ಮನುಷ್ಯನನ್ನು ‘ಇಶ್ಲೆತ್ಮೆಕ್’ ಎಂದರೆ ಅವನನ್ನು ಗೇಲಿಮಾಡಿ ನಂಬಿಸಿ ಆಟವಾಡಿಸುವುದು. ಹಾಗಾಗಿ ಒಂದು ತಂಡವನ್ನೋ ದೇಶವನ್ನೋ ನಡೆಸುವ ಅರ್ಥದ ‘ರನ್’ ಬಂದಾಗ ಈ ಪದ ಒಗ್ಗದು; ಅಲ್ಲಿ ‘ಯೊನೆತ್ಮೆಕ್’ ಬೇಕು. ‘ಯೊನ್’ ಎಂದರೆ ದಿಕ್ಕು, ಆದ್ದರಿಂದ ‘ಯೊನೆತ್ಮೆಕ್’ ಎಂದರೆ ದಿಕ್ಕು ತೋರಿ ನಡೆಸುವುದು. 1932ರಲ್ಲಿ ತುರ್ಕಿ ಭಾಷಾ ಸಂಸ್ಥೆ ಸ್ಥಾಪನೆಯಾದ ನಂತರ ಅರಬ್ಬಿ, ಫಾರಸಿ ಪದಗಳ ಜಾಗದಲ್ಲಿ ತುರ್ಕಿ ಬೇರಿನ ಪದಗಳನ್ನು ನೆಲೆಗೊಳಿಸುವ ದೊಡ್ಡ ಆಂದೋಲನ ನಡೆಯಿತು. ‘ಯೊನೆತ್ಮೆಕ್’ ಆ ಕಾಲದ ಮನೋಧರ್ಮದ ಪದ. ಅದಕ್ಕೆ ಮೊದಲು ಇದ್ದ ‘ಇದಾರೆ ಎತ್ಮೆಕ್’ ಸತ್ತುಹೋಗಲಿಲ್ಲ. ಅದು ಇಂದಿಗೂ ಆಡುಮಾತಿನಲ್ಲಿ, ಇದ್ದುದರಲ್ಲಿಯೇ ಹೇಗೋ ಸಂಭಾಳಿಸುವುದು ಎಂಬ ಹೆಚ್ಚುವರಿ ಅರ್ಥದೊಂದಿಗೆ ಬದುಕಿದೆ. ಸಂಬಳ ಸಾಲದಿದ್ದರೂ ಮನೆ ನಡೆಸುವ ಗೃಹಿಣಿಯ ಬಗ್ಗೆ ಬರೆಯುವಾಗ ‘ಯೊನೆತ್ಮೆಕ್’ ಎಂದರೆ ಕಚೇರಿಯ ಭಾಷೆಯಾಗುತ್ತದೆ, ‘ಇದಾರೆ ಎತ್ಮೆಕ್’ ಎಂದರೆ ಮನೆಯ ಭಾಷೆಯಾಗುತ್ತದೆ.

ಚುನಾವಣೆಯ ಮಾತು ಚಿಕ್ಕದು, ಆದರೆ ಬೋಧಪ್ರದ. ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿ ಓಡುತ್ತಾನೆ. ಬ್ರಿಟನ್ನಿನ ಇಂಗ್ಲಿಷಿನಲ್ಲಿ ನಿಲ್ಲುತ್ತಾನೆ. ಕನ್ನಡದಲ್ಲಿಯೂ ‘ಈ ಸಲ ಯಾರು ನಿಂತಿದ್ದಾರೆ?’ ಎಂದೇ ಕೇಳುತ್ತೇವೆ. ತುರ್ಕಿ ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ‘ಅದಯ್ ಒಲ್ಮಕ್’, ಅಭ್ಯರ್ಥಿಯಾಗುವುದು ಎಂದು ನೇರವಾಗಿ ಹೇಳುತ್ತದೆ. ರೂಪಕವನ್ನು ಕಾಪಾಡಬೇಕೆಂಬ ಹಟದಿಂದ ಇಲ್ಲಿ ‘ಕೊಶ್ಮಕ್’ ಬಳಸಿದರೆ, ಅಧ್ಯಕ್ಷ ಪದವಿಯ ಕಡೆಗೆ ಒಬ್ಬ ಗಣ್ಯರು ಬೀದಿಯಲ್ಲಿ ಓಡಿದ ಚಿತ್ರ ಓದುಗರ ಕಣ್ಣಿಗೆ ಕಟ್ಟೀತು.

ಓಡಿಹೋಗುವುದು, ತಪ್ಪಿಸಿಕೊಳ್ಳುವುದು ಎಂಬುದಕ್ಕೆ ತುರ್ಕಿಯಲ್ಲಿ ‘ಕಚ್ಮಕ್’. ಸೆರೆಮನೆಯಿಂದ ಕೈದಿ ಓಡಿಹೋದರೂ, ಮನೆಯವರ ವಿರೋಧವನ್ನು ಲೆಕ್ಕಿಸದೆ ಹುಡುಗಿ ಪ್ರೀತಿಸಿದವನೊಂದಿಗೆ ಹೋದರೂ ಇದೇ ಪದ. ಕನ್ನಡದ ‘ಓಡಿಹೋದಳು’ ಎಂಬ ಮಾತಿಗೆ ಇದು ಸರಿಸಮವಾಗಿದೆ. ಕಾಲುಚೀಲದಲ್ಲಿ ಒಂದು ಎಳೆ ಕಿತ್ತು ಉದ್ದಕ್ಕೂ ಬಿಚ್ಚಿಕೊಂಡಾಗ ಇಂಗ್ಲಿಷಿನಲ್ಲಿ ‘ರನ್’ ಎನ್ನುವುದನ್ನು ತುರ್ಕಿಯಲ್ಲಿ ‘ಚೊರಬಿಮ್ ಕಚ್ತಿ’ ಎನ್ನುತ್ತಾರೆ, ಅಂದರೆ ನನ್ನ ಕಾಲುಚೀಲ ತಪ್ಪಿಸಿಕೊಂಡಿತು. ನಿದ್ದೆಯೂ ‘ಕಚ್ತಿ’: ನಮ್ಮಲ್ಲಿ ಹಾರಿಹೋಗುವ ನಿದ್ದೆ ಅವರಲ್ಲಿ ತಪ್ಪಿಸಿಕೊಂಡು ಹೋಗುತ್ತದೆ. ಪ್ರೇರಣಾರ್ಥಕ ‘ಕಚಿರ್ಮಕ್’ ಎಂದರೆ ತಪ್ಪಿಸಿಕೊಳ್ಳಗೊಡುವುದು. ಬಸ್ ತಪ್ಪಿದಾಗ ‘ಒತೊಬುಸು ಕಚಿರ್ದಿಮ್’ ಎನ್ನುತ್ತಾರೆ. ಅಪಹರಣಕ್ಕೂ ಇದೇ ಪದವಾದ್ದರಿಂದ, ಯಂತ್ರಾನುವಾದವನ್ನು ನಂಬಿದವರ ಕೈಯಲ್ಲಿ ಬಸ್ ತಪ್ಪಿಸಿಕೊಂಡ ಪ್ರಯಾಣಿಕ ಬಸ್ಸನ್ನೇ ಅಪಹರಿಸಿದವನಾಗುವ ಅಪಾಯವಿದೆ.

ಇಂಗ್ಲಿಷಿನ ‘ರನ್’ ತನ್ನ ಹಿಂದೆ ಬರುವ ಪುಟ್ಟ ಪದಗಳೊಂದಿಗೆ ಸೇರಿ ಪಡೆಯುವ ಅರ್ಥಗಳ ಬಗೆಯೇ ಬೇರೆ. ಹೊರಕ್ಕೆ ಎಂಬುದರೊಡನೆ ಸೇರಿದರೆ ಮುಗಿದುಹೋಗುವುದು, ಒಳಕ್ಕೆ ಎಂಬುದರೊಡನೆ ಸೇರಿದರೆ ಅಕಸ್ಮಾತ್ತಾಗಿ ಭೇಟಿಯಾಗುವುದು, ಮೇಲೆ ಎಂಬುದರೊಡನೆ ಸೇರಿದರೆ ವಾಹನ ಯಾರ ಮೇಲಾದರೂ ಹರಿಯುವುದು. ತುರ್ಕಿಗೆ ಇಂಥ ಹಿಂಬಾಲದ ಪದಗಳಿಲ್ಲ. ಅದು ಆ ಭಾರವನ್ನು ಎರಡು ಕಡೆ ಹಂಚುತ್ತದೆ: ಕ್ರಿಯಾಪದವನ್ನೇ ಬದಲಾಯಿಸುತ್ತದೆ, ಜೊತೆಗೆ ನಾಮಪದದ ವಿಭಕ್ತಿಯನ್ನು ಬದಲಾಯಿಸುತ್ತದೆ. ಮನೆಯಲ್ಲಿ ಬ್ರೆಡ್ ಮುಗಿದಾಗ ಇಂಗ್ಲಿಷಿನಲ್ಲಿ ಕರ್ತೃ ‘ನಾವು’. ನಾವೇ ಬ್ರೆಡ್ಡಿನ ಹೊರಕ್ಕೆ ಓಡಿರುತ್ತೇವೆ. ತುರ್ಕಿಯಲ್ಲಿ ‘ಎಕ್ಮೆಕ್ ಬಿತ್ತಿ’, ಬ್ರೆಡ್ ಮುಗಿಯಿತು. ಕನ್ನಡದಲ್ಲಿಯೂ ಮುಗಿಯುವುದು ಪದಾರ್ಥವೇ, ಮನುಷ್ಯರಲ್ಲ. ಇಲ್ಲಿ ಕನ್ನಡಿಗರಿಗೆ ತುರ್ಕಿ ವಾಕ್ಯ ತನ್ನಷ್ಟಕ್ಕೆ ಒದಗಿಬರುತ್ತದೆ. ತಾಳ್ಮೆ ಮುಗಿಯುವುದಕ್ಕೆ ‘ಬಿತ್ತಿ’ ಎಂದರೂ ನಡೆದೀತು, ಆದರೆ ಅದರ ಬಿಸಿ ತೋರಿಸುವ ಮಾತು ‘ಸಬ್ರಿಮ್ ತಶ್ತಿ’: ನನ್ನ ಸಹನೆ ಉಕ್ಕಿ ಹರಿಯಿತು. ‘ತಾಳ್ಮೆಯ ಕಟ್ಟೆ ಒಡೆಯಿತು’ ಎಂಬ ನಮ್ಮ ಮಾತಿನ ನೀರೂ ಈ ನೀರೂ ಒಂದೇ ಬಗೆಯದು. ಇಂಗ್ಲಿಷಿನಲ್ಲಿ ತಾಳ್ಮೆ ಖಾಲಿಯಾಗುವ ದಾಸ್ತಾನು, ಇಲ್ಲಿ ಅದು ತುಂಬಿ ಬರುವ ಕೆರೆ. ಅಂದಹಾಗೆ, ತುರ್ಕಿಯ ‘ಸಬಿರ್’ ಮತ್ತು ಉತ್ತರ ಕರ್ನಾಟಕದ ‘ಸಬೂರಿ’ ಒಂದೇ ಅರಬ್ಬಿ ಬೇರಿನವು.

ಹಳೆಯ ಗೆಳೆಯನೊಬ್ಬ ದಾರಿಯಲ್ಲಿ ಸಿಕ್ಕಿದ್ದಕ್ಕೆ ‘ರಸ್ತ್ಲಮಕ್’ ಎಂಬ ಕ್ರಿಯಾಪದವಿದೆ, ಅದಕ್ಕೆ ಚತುರ್ಥಿ ವಿಭಕ್ತಿ ಬೇಕು: ‘ಅರ್ಕದಶ’, ಅಂದರೆ ಗೆಳೆಯನಿಗೆ. ‘ಕರ್ಶಿಲಶ್ಮಕ್’ ಎಂಬ ಇನ್ನೊಂದು ಕ್ರಿಯಾಪದವಿದೆ, ಅದು ‘ಗೆಳೆಯನೊಂದಿಗೆ’ ಎಂಬ ರೂಪವನ್ನು ಕೇಳುತ್ತದೆ. ಏಕೆಂದರೆ ಅದರ ಒಳಗೆ ಪರಸ್ಪರ ಎದುರುಬದುರಾಗುವ ಅರ್ಥವಿದೆ. ಕಾರು ಗೋಡೆಗೆ ಡಿಕ್ಕಿ ಹೊಡೆದರೆ ‘ಚರ್ಪ್ಮಕ್’, ಮತ್ತೆ ಚತುರ್ಥಿ. ಬೆಕ್ಕಿನ ಮೇಲೆ ಹರಿದು ಅದನ್ನು ಜಜ್ಜಿಹಾಕಿದರೆ ‘ಎಜ್ಮೆಕ್’, ಅದಕ್ಕೆ ದ್ವಿತೀಯಾ. ಈ ವಿಭಕ್ತಿಗಳನ್ನು ಕಲಿಯದೆ ಕ್ರಿಯಾಪದವನ್ನು ಮಾತ್ರ ಕಲಿತರೆ ಅರ್ಧ ಕಲಿತಂತೆಯೂ ಆಗುವುದಿಲ್ಲ. ತುರ್ಕಿ ಕಲಿಯುವವರಿಗೆ ನಾನು ಹೇಳುವುದಿಷ್ಟೇ: ಹೊಸ ಕ್ರಿಯಾಪದವನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗ ಅದರ ಪಕ್ಕದಲ್ಲಿ ವಿಭಕ್ತಿಯ ಪ್ರತ್ಯಯವನ್ನೂ ಒಂದು ಪೂರ್ಣ ವಾಕ್ಯವನ್ನೂ ಬರೆದುಕೊಳ್ಳಿ.

ಉಳಿದ ಕೆಲವನ್ನು ಬೇಗ ನೋಡಿಬಿಡೋಣ. ಠೇವಣಿದಾರರೆಲ್ಲ ಒಮ್ಮೆಗೇ ಹಣ ವಾಪಸು ಪಡೆಯಲು ಧಾವಿಸುವ ‘ರನ್’ ತುರ್ಕಿಯಲ್ಲಿ ಬ್ಯಾಂಕಿನ ಮೇಲೆ ‘ಹುಜುಮ್’, ಅಂದರೆ ದಾಳಿ. ಅಪಾಯಕ್ಕೆ ಒಡ್ಡಿಕೊಳ್ಳುವ ‘ರನ್’ ಎಂಬುದಕ್ಕೆ ‘ಗೊಜೆ ಅಲ್ಮಕ್’, ಕಣ್ಣಿಗೆ ತೆಗೆದುಕೊಳ್ಳುವುದು. ದೀರ್ಘಾವಧಿಯಲ್ಲಿ ಎಂಬುದಕ್ಕೆ ‘ಉಜುನ್ ವಾದೆದೆ’. ಇಲ್ಲಿನ ‘ವಾದೆ’ಗೂ ನಮ್ಮ ನ್ಯಾಯಾಲಯ, ಸಾಲಪತ್ರಗಳ ‘ವಾಯಿದೆ’ಗೂ ಮೂಲ ಒಂದೇ. ಕ್ರಿಕೆಟ್ಟಿನ ‘ರನ್’ ಮಾತ್ರ ತುರ್ಕಿಯಲ್ಲಿ ಮನೆಮಾತಾಗಿಲ್ಲ, ಆ ಆಟವೇ ಅಲ್ಲಿ ಬೇರೂರಿಲ್ಲ. ಕನ್ನಡ ಇಂಗ್ಲಿಷಿನ ಆ ಅಷ್ಟೂ ಅರ್ಥಗಳಲ್ಲಿ ಮುಖ್ಯವಾಗಿ ಇದೊಂದನ್ನೇ ಪದಸಮೇತ ಎರವಲು ಪಡೆದು ತನ್ನದಾಗಿಸಿಕೊಂಡಿತು. ಉಳಿದವಕ್ಕೆ ಅದರ ಬಳಿ ತನ್ನವೇ ಪದಗಳ ಕೊರತೆ ಇರಲಿಲ್ಲ.

ಇಲ್ಲಿಯವರೆಗಿನ ಮಾತಿನಿಂದ, ಇಂಗ್ಲಿಷಿನ ಪದಗಳಿಗೆ ಮಾತ್ರ ಅರ್ಥಗಳು ಹಲವು, ತುರ್ಕಿಯ ಪದಗಳಿಗೆ ಒಂದೊಂದೇ ಎಂಬ ಭಾವನೆ ಹುಟ್ಟಬಾರದು. ಚಲನಚಿತ್ರ ಎರಡು ಗಂಟೆ ಓಡುತ್ತದೆ ಎಂಬ ‘ರನ್’ ಪದಕ್ಕೆ ತುರ್ಕಿ ಸಮಾನಪದ ‘ಸುರ್ಮೆಕ್’. ಅದನ್ನು ಹಿಡಿದುಕೊಂಡು ತಿರುಗಿ ನೋಡಿದರೆ ಇನ್ನೊಂದು ಲೋಕವೇ ತೆರೆಯುತ್ತದೆ. ಕಾರು ಓಡಿಸುವುದು ‘ಸುರ್ಮೆಕ್’. ಹೊಲ ಉಳುವುದು ‘ಸುರ್ಮೆಕ್’. ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದು, ಗಾಯಕ್ಕೆ ಮುಲಾಮು ಸವರುವುದು ‘ಸುರ್ಮೆಕ್’. ಒಬ್ಬನನ್ನು ದೇಶದಿಂದ ಗಡೀಪಾರು ಮಾಡುವುದು ‘ಸುರ್ಮೆಕ್’. ರಾಜನು ಆಳುವುದು ‘ಹುಕುಮ್ ಸುರ್ಮೆಕ್’. ಚಾಲಕ ‘ಸುರುಜು’, ಅವಧಿ ‘ಸುರೆ’, ಗಡೀಪಾರಾದವನು ‘ಸುರ್ಗುನ್’. ಗಿಡದಿಂದ ಹೊಮ್ಮುವ ಹೊಸ ಚಿಗುರಿಗೂ ‘ಸುರ್ಗುನ್’ ಎಂದೇ ಹೆಸರು. ಮುಂದಕ್ಕೆ ತಳ್ಳುವುದು ಎಂಬ ಒಂದು ಚಿತ್ರದಿಂದ ಇವೆಲ್ಲವನ್ನೂ ಹೊಸೆಯಲಾಗಿದೆ. ಪ್ರಾಣಿಗಳನ್ನು ಅಟ್ಟಿಕೊಂಡು ಹೋಗುವವನ ಕೈಯ ಕೆಲಸ ನೇಗಿಲಿಗೆ, ಗಾಡಿಗೆ, ಬೆಣ್ಣೆಯ ಚೂರಿಗೆ, ಕಾಲಕ್ಕೆ ವಿಸ್ತರಿಸಿದೆ. ಇಂಗ್ಲಿಷ್ ಅನುವಾದಕನಿಗೆ ಈ ಒಂದು ಪದ ಎಷ್ಟು ಕ್ರಿಯಾಪದಗಳನ್ನು ಬೇಡುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ನಮ್ಮ ‘ಹರಿ’ಯನ್ನೂ ನೋಡಬೇಕು. ನದಿ ಹರಿಯುತ್ತದೆ, ಹಾವು ಹರಿಯುತ್ತದೆ, ದೃಷ್ಟಿ ಹರಿಯುತ್ತದೆ, ‘ಲಾರಿ ಹರಿದು ಸಾವು’ ಎಂದು ಪತ್ರಿಕೆಗಳು ಬರೆಯುತ್ತವೆ, ಬಟ್ಟೆ ಹರಿಯುತ್ತದೆ. ಕೊನೆಯದನ್ನು ಬೇರೆ ಇಡಬೇಕು. ಹಳಗನ್ನಡದಲ್ಲಿ ಓಡು, ಪ್ರವಹಿಸು ಎಂಬ ಅರ್ಥದ ‘ಪರಿ’ ಬೇರೆ, ಸೀಳು, ಕಡಿದುಹೋಗು ಎಂಬ ಅರ್ಥದ ‘ಪಱಿ’ ಬೇರೆ. ಱ ಅಕ್ಷರ ಕಣ್ಮರೆಯಾಗಿ, ಪಕಾರ ಹಕಾರವಾದ ಮೇಲೆ ಎರಡೂ ಒಂದೇ ‘ಹರಿ’ ಆದವು. ಇಂಗ್ಲಿಷಿನಲ್ಲಿ ಎರಡು ಪದಗಳು ಕರಗಿ ಒಂದಾದಂತೆಯೇ ಇದೂ ಆದದ್ದು. ವ್ಯತ್ಯಾಸವೆಂದರೆ ಅಲ್ಲಿ ಕರಗಿದವು ಒಂದೇ ಬೇರಿನ ಎರಡು ಕೊಂಬೆಗಳು, ಇಲ್ಲಿ ಕರಗಿದವು ಎರಡು ಬೇರೆ ಗಿಡಗಳು. ಒಂದು ಪದಕ್ಕೆ ಹಲವು ಅರ್ಥಗಳು ಎನ್ನುವ ಮೊದಲು, ಅದು ನಿಜವಾಗಿ ಒಂದೇ ಪದವೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ದೊಡ್ಡ ನಿಘಂಟುಕಾರರು ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡವರು. ಹದಿಹರೆಯದಲ್ಲಿಯೇ ಇಸ್ತಾಂಬುಲಿಗೆ ಹೋಗಿ ಒಟ್ಟೊಮನ್ ಸರಕಾರದ ಸೇವೆಯಲ್ಲಿ ದುಡಿದ ಜೇಮ್ಸ್ ರೆಡ್‌ಹೌಸ್ ಅವರ ತುರ್ಕಿ ಇಂಗ್ಲಿಷ್ ನಿಘಂಟು 1890ರಲ್ಲಿ ಹೊರಬಂತು. ನಾಲ್ಕು ವರ್ಷಗಳ ನಂತರ, 1894ರಲ್ಲಿ, ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚಾಯಿತು. ಕಿಟ್ಟೆಲರು ‘ಪರಿ’ಯನ್ನೂ ‘ಪಱಿ’ಯನ್ನೂ ಬೇರೆ ಬೇರೆ ನಮೂದುಗಳಲ್ಲಿ ಇಟ್ಟು ವಿವರಿಸಿದ್ದಾರೆ. ಜೇಬಿನ ದೂರವಾಣಿಯಲ್ಲಿ ಒಂದು ಪದಕ್ಕೆ ಒಂದು ಪದವನ್ನು ಕ್ಷಣದಲ್ಲಿ ಕೊಡುವ ಸಾಧನಗಳಿರುವ ಈ ಕಾಲದಲ್ಲಿಯೂ ನಮ್ಮ ವಿದ್ಯಾರ್ಥಿಗಳು ಇಂಥ ನಿಘಂಟುಗಳ ಪುಟಗಳನ್ನು ತಿರುವಬೇಕೆಂದು ನಾನು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ, ಏಕೆಂದರೆ ಅರ್ಥಗಳು ಒಂದರ ಪಕ್ಕದಲ್ಲಿ ಇನ್ನೊಂದು ಹೇಗೆ ಕೂತಿವೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಕೊನೆಯದಾಗಿ ಒಂದು ವಾಕ್ಯವನ್ನು ನಿಮ್ಮ ಮುಂದಿಡುತ್ತೇನೆ. ಇಂಗ್ಲಿಷಿನಲ್ಲಿ ‘ಪ್ರೋಗ್ರಾಂ ಎರಡು ಗಂಟೆ ರನ್ ಆಯಿತು’ ಎಂಬ ಅರ್ಥದ ವಾಕ್ಯವಿದೆ ಎಂದುಕೊಳ್ಳೋಣ. ತುರ್ಕಿಯಲ್ಲಿಯೂ ‘ಪ್ರೊಗ್ರಾಮ್’ ಎಂಬ ಪದವೇ ಇದೆ, ಅದು ಸಭಾ ಕಾರ್ಯಕ್ರಮಕ್ಕೂ ಗಣಕದ ತಂತ್ರಾಂಶಕ್ಕೂ ಸಲ್ಲುತ್ತದೆ. ಆದ್ದರಿಂದ ನಾಮಪದದಿಂದ ಯಾವ ಸಹಾಯವೂ ಸಿಗುವುದಿಲ್ಲ. ಸಭೆಯ ಕಾರ್ಯಕ್ರಮವಾದರೆ ‘ಇಕಿ ಸಾತ್ ಸುರ್ದು’ ಎಂದಾಗಬೇಕು, ತಂತ್ರಾಂಶವಾದರೆ ‘ಇಕಿ ಸಾತ್ ಚಲಿಶ್ತಿ’ ಎಂದಾಗಬೇಕು. ಕನ್ನಡದಲ್ಲಿ ಮೊದಲನೆಯದು ನಡೆಯಿತು, ಎರಡನೆಯದು ಕೆಲಸ ಮಾಡಿತು ಅಥವಾ ಓಡಿತು. ಮೂಲ ಲೇಖಕರು ಯಾವುದರ ಬಗ್ಗೆ ಬರೆಯುತ್ತಿದ್ದಾರೆಂದು ಹಿಂದಿನ ಪುಟವನ್ನು ತಿರುಗಿಸಿ ನೋಡದೆ ಈ ವಾಕ್ಯವನ್ನು ತುರ್ಕಿಗೆ ತರಲು ಯಾವ ಅನುವಾದಕರಿಗೂ ಸಾಧ್ಯವಿಲ್ಲ.